ಭುಜದ ಮೇಲಿನ ಕೈ

ನಮ್ಮಮ್ಮನಿಗೆ 80 ತುಂಬಿದ್ದು 2023ರಲ್ಲಿ. ಹುಟ್ಟಿದ ತಾರೀಕು ಅವಳಿಗೇ ಸರಿಯಾಗಿ ಗೊತ್ತಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಏನು ಬರೆದುಕೊಂಡರೋ ಅದೇ ಹುಟ್ಟಿದ ದಿನ. ಆದರೂ ಅಣ್ಣನಿಗೆ ಹುರುಪು ಬಂದುಬಿಟ್ಟಿತು. ಊಟ, ಸೀರೆ, ನೆಂಟರಿಷ್ಟರ ಪಟ್ಟಿ ಎಲ್ಲ ಆದಮೇಲೆ ನನ್ನ ಕಡೆ ತಿರುಗಿ, "ನೀನು ಡಿಸೈನರ್ ಅಲ್ಲವೇನೇ, ಟ್ರಂಕಿನಲ್ಲಿರೋ ಹಳೇ ಫೋಟೋ ಎಲ್ಲಾ ಸೇರಿಸಿ ದೊಡ್ಡದಾಗಿ ಒಂದು ಮಾಡಿಕೊಡು, ನಡುಮನೆಯಲ್ಲಿ ಹಾಕೋಣ" ಅಂದ.

ಡಿಸೈನರ್ ಎಂಬ ಮಾತು ಕೇಳಿ ನನಗೆ ನಗು ಬಂತು. 1993ರಿಂದ 1999ರವರೆಗೆ ನಾನು ಹಾಸನದ ಒಂದು ಡಿ.ಟಿ.ಪಿ. ಸೆಂಟರಿನಲ್ಲಿ ಕೆಲಸಕ್ಕಿದ್ದೆ. ಲಗ್ನಪತ್ರಿಕೆ, ಅಂಗಡಿಯ ಬಿಲ್ ಪುಸ್ತಕ, ಜಾತ್ರೆಯ ಕರಪತ್ರ, ಚುನಾವಣೆ ಬಂದರೆ ಕೈಮುಗಿದು ನಿಂತ ಅಭ್ಯರ್ಥಿ, ಯಾರಾದರೂ ತೀರಿಕೊಂಡರೆ 'ಭಾವಪೂರ್ಣ ಶ್ರದ್ಧಾಂಜಲಿ'. ಪೇಜ್‌ಮೇಕರಿನಲ್ಲಿ ಅಕ್ಷರ ಕೂರಿಸಿ, ಕೋರೆಲ್ ಡ್ರಾದಲ್ಲಿ ಬಳ್ಳಿ ಬಿಡಿಸಿ, ಬಟರ್ ಪೇಪರಿನ ಮೇಲೆ ಪ್ರಿಂಟ್ ತೆಗೆದು, ಅದನ್ನು ಬ್ಲೇಡಿನಿಂದ ಕತ್ತರಿಸಿ, ಟೇಪು ಹಚ್ಚಿ ಪ್ರೆಸ್ಸಿಗೆ ಕಳಿಸುವುದು. ಕರೆಂಟು ಯಾವಾಗ ಹೋಗುತ್ತದೋ ಎಂಬ ಭಯಕ್ಕೆ ಎರಡು ಸಾಲಿಗೊಮ್ಮೆ 'ಸೇವ್' ಒತ್ತುತ್ತಿದ್ದೆ. ಈಗಲೂ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಎರಡೆರಡು ಸಲ ನೋಡುವ ಚಟ ನನಗೆ ಅಲ್ಲಿಂದಲೇ ಹತ್ತಿದ್ದು. ಆಮೇಲೆ ಮದುವೆ, ಗಂಡನ ವರ್ಗಾವಣೆ, ಮಕ್ಕಳು. ಕಲಿತ ವಿದ್ಯೆಗೆ ತುಕ್ಕು ಹಿಡಿಯಿತು. ಈಗ ಯಾರಾದರೂ ಫೋಟೋಶಾಪ್ ತೆರೆದು ನನ್ನ ಮುಂದಿಟ್ಟರೆ, ಬಹಳ ವರ್ಷದ ಮೇಲೆ ತವರಿಗೆ ಹೋದವಳಂತೆ ಯಾವ ಡಬ್ಬಿಯಲ್ಲಿ ಏನಿದೆ ಎಂದು ಹುಡುಕಬೇಕು.

ಹಾಗಾಗಿ ಸುಲಭದ ದಾರಿ ಹಿಡಿದೆ. ಫೋಟೋ ಜೋಡಿಸುವುದಕ್ಕೆಂದೇ ಪುಕ್ಕಟೆ ಸಿಗುವ ಒಂದು ಸಣ್ಣ ಸಾಫ್ಟ್‌ವೇರ್. ಇಂಥದ್ದು ನನಗೆ ಪೂರ್ತಿ ಹೊಸದೂ ಅಲ್ಲ. ಮಕ್ಕಳು ಚಿಕ್ಕವರಿದ್ದಾಗ ಪಿಕಾಸಾ ಎಂಬುದೊಂದಿತ್ತು. 2002ರಲ್ಲಿ ಶುರುವಾಗಿ, 2004ರಲ್ಲಿ ಗೂಗಲ್ ಕೈಸೇರಿ, 2016ರಲ್ಲಿ ನಿಂತುಹೋಯಿತು. ಅದರಲ್ಲಿ ಫೋಟೋಗಳನ್ನು ಮೇಜಿನ ಮೇಲೆ ಚೆಲ್ಲಿದ ಇಸ್ಪೀಟಿನೆಲೆಗಳಂತೆ ಅಡ್ಡಾದಿಡ್ಡಿ ಹರಡುವ ಒಂದು ಬಗೆಯ ಕೊಲಾಜ್ ಇತ್ತು, ನನಗೆ ಬಹಳ ಇಷ್ಟ. ಈಗಿನದು ಅದಕ್ಕಿಂತ ಶಿಸ್ತಿನದು. 24 ಫೋಟೋ ಆರಿಸಿ ಒಂದು ಗುಂಡಿ ಒತ್ತಿದೆ. ಪಾತ್ರೆ ಸ್ಟ್ಯಾಂಡಿನಲ್ಲಿ ತಟ್ಟೆ ಜೋಡಿಸಿದ ಹಾಗೆ ಎಲ್ಲವೂ ಚೌಕ ಚೌಕವಾಗಿ ಕೂತುಬಿಟ್ಟವು. ಹಿಂದೆ ನನಗೆ ಎರಡು ದಿನ ಹಿಡಿಯುತ್ತಿದ್ದ ಕೆಲಸ. ಟ್ರಂಕಿನ ಫೋಟೋಗಳನ್ನು ಮೊಬೈಲಿನಲ್ಲೇ ಸೆರೆಹಿಡಿದಿದ್ದೆ. ಸ್ಕ್ಯಾನರ್ ಗೀನರ್ ಎಂದು ಅಲೆಯಲಿಲ್ಲ. ಎರಡಡಿ ಅಗಲ, ಮೂರಡಿ ಎತ್ತರಕ್ಕೆ ಪ್ರಿಂಟ್ ಹಾಕಿಸಿ, ಸುರುಳಿ ಸುತ್ತಿಕೊಂಡು ಅಣ್ಣನ ಮನೆಗೆ ಹೋದೆ.

ಎಲ್ಲರೂ ಹೊಗಳಿದರು. ತಂತಮ್ಮ ಮುಖ ಸಿಕ್ಕಿದವರೆಲ್ಲ ಹೊಗಳುವವರೇ. ಅಮ್ಮ ಕನ್ನಡಕ ಹಾಕಿಕೊಂಡು, ಮಂಚದ ಮೇಲೆ ಹರಡಿದ್ದ ಆ ಹಾಳೆಯನ್ನು ಅಕ್ಕಿ ಆರಿಸುವ ಹಾಗೆ ಮೂಲೆಯಿಂದ ಮೂಲೆಗೆ ನೋಡುತ್ತಾ ಬಂದಳು. ನಡುವಿನ ಒಂದು ಚೌಕದ ಮೇಲೆ ಬೆರಳಿಟ್ಟು ಕೇಳಿದಳು:

"ಇವನ ಭುಜದ ಮೇಲಿರೋ ಕೈ ಯಾರದು?"

ಅದು 1967ರ ಗ್ರೂಪ್ ಫೋಟೋ. ಚಿಕ್ಕಪ್ಪನ ಮದುವೆಯ ಮಾರನೇ ದಿನ ಅಂಗಳದಲ್ಲಿ ತೆಗೆಸಿದ್ದು. ನಡುವೆ ಕುರ್ಚಿಯಲ್ಲಿ ತಾತ, ಅಜ್ಜಿ, ಮದುಮಕ್ಕಳು. ಹಿಂದೆ ಅಪ್ಪ, ಅಮ್ಮ, ದೊಡ್ಡಪ್ಪ, ದೊಡ್ಡಮ್ಮ. ಮುಂದಿನ ಸಾಲಿನ ಕೊನೆಯಲ್ಲಿ ಮೂರು ವರ್ಷದ ಅಣ್ಣ, ಚಡ್ಡಿ ಹಾಕಿಕೊಂಡು ಅಳುವುದಕ್ಕೆ ಸಿದ್ಧನಾಗಿ. ಅವನ ಭುಜದ ಮೇಲೆ ಒಂದು ಕೈ. ಮಣಿಕಟ್ಟಿನವರೆಗೆ ಮಾತ್ರ ಇದೆ, ಬಳೆಯಿಲ್ಲ. ಅಲ್ಲಿಗೆ ಚೌಕ ಮುಗಿದಿದೆ.

ಅದು ಸಣ್ಣತ್ತೆಯ ಕೈ.

ಸಣ್ಣತ್ತೆ ಅಪ್ಪನ ಕೊನೇ ತಂಗಿ. ಮದುವೆಯಾದ ಎರಡು ವರ್ಷಕ್ಕೆ, 19ನೇ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನಮ್ಮನ್ನೆಲ್ಲ ಮೀಯಿಸಿ, ಜಡೆ ಹೆಣೆದು, ಮಗ್ಗಿ ಬಾಯಿಪಾಠ ಮಾಡಿಸಿ ಬೆಳೆಸಿದವಳು. 1989ರಲ್ಲಿ ತೀರಿಕೊಂಡಳು. ಅವಳ ಮದುವೆಯ ಫೋಟೋಗಳನ್ನು ಗಂಡ ಸತ್ತಮೇಲೆ ಯಾರೋ ಎಲ್ಲಿಗೋ ಸೇರಿಸಿಬಿಟ್ಟರು. ಅವಳಿರುವ ಫೋಟೋ ನಮ್ಮ ಟ್ರಂಕಿನಲ್ಲಿ ಇದೊಂದೇ. ಇದರಲ್ಲೂ ಅವಳು ಸಾಲಿನ ತುದಿಯಲ್ಲಿ, ಕಂಬದ ಪಕ್ಕ. ಗ್ರೂಪ್ ಫೋಟೋ ಅಡ್ಡಕ್ಕೆ ಉದ್ದ, ಸಾಫ್ಟ್‌ವೇರಿನ ಮನೆ ಚೌಕ. ಅದು ನಡುವನ್ನು ಉಳಿಸಿಕೊಂಡು ಎರಡು ಪಕ್ಕವನ್ನೂ ತೆಗೆದುಬಿಡುತ್ತದೆ. ಅದಕ್ಕೆ ದ್ವೇಷವಿಲ್ಲ, ಪ್ರೀತಿಯೂ ಇಲ್ಲ. ಚೌಕದೊಳಗೆ ಬೆರಳಿಟ್ಟು ಫೋಟೋವನ್ನು ಪಕ್ಕಕ್ಕೆ ಎಳೆದಿದ್ದರೆ ಅವಳು ಒಳಗೆ ಬರುತ್ತಿದ್ದಳು. ನಾನು ಎಳೆಯಲಿಲ್ಲ. ನೋಡಲೂ ಇಲ್ಲ.

"ಕಂಪ್ಯೂಟರ್ ತಾನೇ ಕಟ್ ಮಾಡಿದ್ದು, ನೀವೇನು ಮಾಡ್ತೀರಾ ಅತ್ತೆ" ಎಂದು ಅಣ್ಣನ ಮಗಳು ನನ್ನ ಪರ ವಹಿಸಿದಳು. ಈ ಮನೆಯಲ್ಲಿ ಈಗ ಅತ್ತೆ ನಾನು.

ಕಂಪ್ಯೂಟರ್ ಮಾಡಿದ್ದು ಎಂಬ ಮಾತು ನನಗೆ ಸಮಾಧಾನ ಕೊಡಲಿಲ್ಲ. ಫೋಟೋ ಕತ್ತರಿಸಿ ಅಂಟಿಸುವ ಈ ಕೆಲಸ ಕಂಪ್ಯೂಟರಿಗಿಂತ ಬಹಳ ಹಳೆಯದು. ಕತ್ತರಿ ಹಿಡಿದವರಿಗೆ ಯಾರನ್ನು ಎಲ್ಲಿ ಕೂರಿಸುತ್ತಿದ್ದೇವೆ ಎಂಬುದು ಯಾವಾಗಲೂ ಚೆನ್ನಾಗಿ ಗೊತ್ತಿರುತ್ತಿತ್ತು. ಮೊದಮೊದಲು ಆ ಕತ್ತರಿ ಹಿಡಿದವರಲ್ಲಿ ಹೆಂಗಸರೇ ಬಹಳ ಎಂಬುದನ್ನು ನಾನು ತಿಳಿದುಕೊಂಡದ್ದು ಮಾತ್ರ ಇತ್ತೀಚೆಗೆ, ಈ ಕೆಲಸ ಬಿಟ್ಟು ಎಷ್ಟೋ ವರ್ಷವಾದ ಮೇಲೆ.

ಫೋಟೋ ತೆಗೆಯುವ ವಿದ್ಯೆ ಲೋಕಕ್ಕೆ ಗೊತ್ತಾದದ್ದು 1839ರಲ್ಲಿ. ಆಗ ಅದು ಶ್ರೀಮಂತರ ಶೋಕಿ. 1854ರಲ್ಲಿ ಪ್ಯಾರಿಸ್ಸಿನ ಡಿಸ್ಡೆರಿ ಎಂಬ ಛಾಯಾಗ್ರಾಹಕ ಒಂದೇ ಗಾಜಿನ ಫಲಕದ ಮೇಲೆ ಎಂಟು ಸಣ್ಣ ಚಿತ್ರ ತೆಗೆಯುವ ಉಪಾಯ ಮಾಡಿ ಹಕ್ಕು ಪಡೆದ. ವಿಸಿಟಿಂಗ್ ಕಾರ್ಡಿನಷ್ಟು ಅಳತೆಯ ಈ ಫೋಟೋಗಳು ಅಗ್ಗವಾದವು. 1860ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಇದೊಂದು ಹುಚ್ಚಾಯಿತು. ನೆಂಟರದು, ಸ್ನೇಹಿತರದು, ಕೊನೆಗೆ ರಾಣಿ ವಿಕ್ಟೋರಿಯಾಳದೂ ಅಂಗಡಿಯಲ್ಲಿ ದುಡ್ಡಿಗೆ ಸಿಗುತ್ತಿತ್ತು. ಮನೆ ಮನೆಯಲ್ಲೂ ಆಲ್ಬಂ.

ದೊಡ್ಡ ಮನೆತನದ ಹೆಂಗಸರು ಆ ಆಲ್ಬಮ್ಮುಗಳನ್ನು ಸುಮ್ಮನೆ ತುಂಬಿಸಿಡಲಿಲ್ಲ. ಫೋಟೋಗಳಿಂದ ತಲೆಗಳನ್ನು, ಕೆಲವು ಸಲ ಇಡೀ ಆಳನ್ನು ಕತ್ತರಿಸಿ ತೆಗೆದು, ತಾವೇ ಜಲವರ್ಣದಲ್ಲಿ ಬರೆದ ಚಿತ್ರಗಳ ಮೇಲೆ ಅಂಟಿಸಿದರು. ಕೇಟ್ ಗಫ್ ಎಂಬಾಕೆಯ ಆಲ್ಬಮ್ಮಿನಲ್ಲಿ ಕೊಳದಲ್ಲಿ ಈಜುವ ಬಾತುಕೋಳಿಗಳಿವೆ, ಅವುಗಳ ಕತ್ತಿನ ಮೇಲೆ ಮನುಷ್ಯರ ಮುಖ. ಲೇಡಿ ಫಿಲ್ಮರ್ ಎಂಬಾಕೆ 1860ರ ದಶಕದಲ್ಲಿ ತನ್ನದೇ ಬೈಠಕ್‌ಖಾನೆಯ ಒಂದು ಚಿತ್ರ ಮಾಡಿದಳು. ಅದರಲ್ಲಿ ಅವಳು ಮೇಜಿನ ಪಕ್ಕ ನಿಂತಿದ್ದಾಳೆ, ಮೇಜಿನ ಮೇಲೆ ಆಲ್ಬಂ ಮತ್ತು ಅಂಟಿನ ಪಾತ್ರೆ. ಎದ್ದು ಕಾಣುವ ಜಾಗದಲ್ಲಿರುವವನು ಯುವರಾಜ ಎಡ್ವರ್ಡ್. ಅವಳ ಗಂಡ ಮಹಾಶಯ ಒಂದು ಕಡೆ, ನಾಯಿಯ ಹತ್ತಿರ, ಉಳಿದವರಿಗಿಂತ ಚಿಕ್ಕವನಾಗಿ ಕೂತಿದ್ದಾನೆ! ಬಾಯಲ್ಲಿ ಆಡಲಾಗದ್ದನ್ನು ಕತ್ತರಿಯಲ್ಲಿ ಆಡಿದ್ದಾಳೆ ಅಂತ ನನಗೆ ಅನ್ನಿಸುತ್ತದೆ. ಇವೆಲ್ಲ ಮನೆಯಲ್ಲೇ ಉಳಿದ ಹೆಂಗಸರ ಕಾಲಕ್ಷೇಪ ಎಂದು ಬಹಳ ದಿನ ಯಾರೂ ಲೆಕ್ಕಕ್ಕಿಡಲಿಲ್ಲ. 2009ರಲ್ಲಿ ಷಿಕಾಗೋದ ಕಲಾಸಂಸ್ಥೆಯೂ ಮರುವರ್ಷ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮೂ ಇವುಗಳನ್ನೇ ಗೋಡೆಗೆ ಹಾಕಿ ಪ್ರದರ್ಶನ ಮಾಡಿದವು.

ಅದೇ ಕಾಲದ ಗಂಡಸರ ಕೆಲಸ ಮಾತ್ರ ಕೂಡಲೇ ಕಲೆ ಎನ್ನಿಸಿಕೊಂಡಿತ್ತು. 1857ರಲ್ಲಿ ರೈಲಾಂಡರ್ ಎಂಬ ಛಾಯಾಗ್ರಾಹಕ 30ಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಜೋಡಿಸಿ, ಒಳ್ಳೆಯ ದಾರಿ ಕೆಟ್ಟ ದಾರಿಗಳ ನೀತಿಚಿತ್ರವೊಂದನ್ನು ಮಾಡಿದ. ಸ್ವತಃ ರಾಣಿಯೇ ಅದನ್ನು ಕೊಂಡು ಗಂಡನಿಗೆ ಕೊಟ್ಟಳು. ಆ ಚಿತ್ರ ನನಗೇನೂ ಹಿಡಿಸಲಿಲ್ಲ. ಬಾತುಕೋಳಿಯೇ ವಾಸಿ.

ನನಗೆ ತೀರ ಹತ್ತಿರದವಳು ಅನ್ನಿಸಿದ್ದು ಹಾನಾ ಹೋಖ್ ಎಂಬ ಜರ್ಮನ್ ಹೆಂಗಸು. 1889ರಲ್ಲಿ ಹುಟ್ಟಿದವಳು. 1916ರಿಂದ ಹತ್ತು ವರ್ಷ ಬರ್ಲಿನ್ನಿನ ಒಂದು ದೊಡ್ಡ ಪ್ರಕಾಶನ ಸಂಸ್ಥೆಯಲ್ಲಿ ವಾರಕ್ಕೆ ಮೂರು ದಿನದ ಕೆಲಸ. ಏನು ಕೆಲಸ ಅಂದರೆ, ಹೆಂಗಸರ ಪತ್ರಿಕೆಗಳಿಗೆ ಕಸೂತಿ, ಹೆಣಿಗೆ, ಲೇಸಿನ ನಮೂನೆ ಬರೆದುಕೊಡುವುದು. ನಾವೂ ಹಿಂದೆ ವಾರಪತ್ರಿಕೆಯಿಂದ ಸ್ವೆಟರಿನ ನಮೂನೆ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೆವಲ್ಲ, ಅಂಥದ್ದು. ಅದೇ ಪತ್ರಿಕೆಗಳ ಫೋಟೋಗಳನ್ನು ಕತ್ತರಿಸಿ ಅವಳು ತನ್ನ ಚಿತ್ರ ಕಟ್ಟಿದಳು.

ಈ ಯೋಚನೆ ಅವಳಿಗೂ ಅವಳ ಸಂಗಾತಿ ರೌಲ್ ಹೌಸ್‌ಮನ್‌ಗೂ ಎಲ್ಲಿ ಹೊಳೆಯಿತು ಎಂಬುದನ್ನು ಅವರೇ ಹೇಳಿಕೊಂಡಿದ್ದಾರೆ. 1918ರಲ್ಲಿ ಬಾಲ್ಟಿಕ್ ಸಮುದ್ರದ ಕಡಲೂರಿಗೆ ರಜೆಗೆ ಹೋಗಿದ್ದರಂತೆ. ಅಲ್ಲಿನ ಮನೆಗಳ ಗೋಡೆಯಲ್ಲಿ ಅಚ್ಚುಹಾಕಿದ ಸಿಪಾಯಿಯ ಚಿತ್ರ, ಸಮವಸ್ತ್ರ ಎಲ್ಲ ಅಚ್ಚಿನದು, ಮುಖದ ಜಾಗದಲ್ಲಿ ಮಾತ್ರ ಆ ಮನೆಯ ಮಗನ ಫೋಟೋ ಕತ್ತರಿಸಿ ಅಂಟಿಸಿದ್ದು. ಯುದ್ಧ ಇನ್ನೂ ಮುಗಿದಿರಲಿಲ್ಲ. ಮುಂದೆ ಕಲೆಯ ಚರಿತ್ರೆಯಲ್ಲಿ ಇಷ್ಟು ಹೆಸರು ಮಾಡಿದ ವಿದ್ಯೆಯ ಬೇರು ಹೀಗೆ ಯಾವುದೋ ಮನೆಯ ಗೋಡೆಯಲ್ಲಿದೆ. ಅಂಟಿಸಿದವರು ಆ ಹುಡುಗನ ತಾಯಿಯೋ ಅಕ್ಕನೋ ಇದ್ದಿರಬೇಕೆಂದು ನಾನು ಅಂದುಕೊಳ್ಳುತ್ತೇನೆ.

1920ರಲ್ಲಿ ಬರ್ಲಿನ್ನಿನಲ್ಲಿ ಅವರ ದಾದಾ ಪಂಥದ ದೊಡ್ಡ ಪ್ರದರ್ಶನ ನಡೆಯಿತು. ಹೆಂಗಸನ್ನು ಸೇರಿಸಿಕೊಳ್ಳುವುದಕ್ಕೆ ಗುಂಪಿನ ಕೆಲವು ಗಂಡಸರು ಒಪ್ಪಲಿಲ್ಲ. ಅವಳಿಲ್ಲದಿದ್ದರೆ ತಾನೂ ಇಲ್ಲ ಎಂದು ಹೌಸ್‌ಮನ್ ಪಟ್ಟು ಹಿಡಿದ ಮೇಲೆ ಜಾಗ ಸಿಕ್ಕಿತು. ಅಲ್ಲಿ ಅವಳು ಇಟ್ಟ ದೊಡ್ಡ ಚಿತ್ರದ ಉದ್ದನೆಯ ಹೆಸರು 'ಅಡಿಗೆಮನೆಯ ಚಾಕುವಿನಿಂದ ಕತ್ತರಿಸಿದ್ದು' ಎಂದು ಶುರುವಾಗುತ್ತದೆ. ಮಂತ್ರಿಗಳು, ಸೇನಾಪತಿಗಳು, ಯಂತ್ರದ ಚಕ್ರಗಳು, ನರ್ತಕಿಯರು ಎಲ್ಲ ಕಲಸಿಹೋದ ಚಿತ್ರ. ಕೆಳಗಿನ ಬಲಮೂಲೆಯಲ್ಲಿ ಹೆಂಗಸರಿಗೆ ಓಟು ಸಿಕ್ಕಿದ ಯೂರೋಪಿನ ದೇಶಗಳ ಒಂದು ಸಣ್ಣ ನಕ್ಷೆ, ಅದರ ಅಂಚಿನಲ್ಲೇ ತನ್ನದೊಂದು ಪುಟ್ಟ ಮುಖ. ಜರ್ಮನಿಯ ಹೆಂಗಸರು ಮೊದಲ ಸಲ ದೇಶದ ಚುನಾವಣೆಯಲ್ಲಿ ಓಟು ಹಾಕಿದ್ದು 1919ರ ಜನವರಿಯಲ್ಲಿ. ಮುಂದೆ ಆ ಗುಂಪಿನ ಗೆಳೆಯನೊಬ್ಬ ನೆನಪು ಬರೆಯುವಾಗ, ದುಡ್ಡಿಲ್ಲದ ಕಾಲದಲ್ಲೂ ಈಕೆ ಎಲ್ಲರಿಗೂ ಬ್ರೆಡ್ಡು, ಬಿಯರು, ಕಾಫಿ ಹೇಗೋ ಹೊಂಚಿ ಕೊಡುತ್ತಿದ್ದಳೆಂದು ಹೊಗಳಿದ. ಕಾಫಿ ಕೊಟ್ಟದ್ದು ನೆನಪಿರುತ್ತದೆ, ನೋಡಿ.

ನಮ್ಮ ದೇಶದಲ್ಲೂ ಅಂಟಿಸುವ ಕೆಲಸ ಹೊಸದಲ್ಲ. ರಾಜಸ್ಥಾನದ ನಾಥದ್ವಾರದಲ್ಲಿ ಶ್ರೀನಾಥಜಿಯ ದರ್ಶನಕ್ಕೆ ಬಂದ ಯಾತ್ರಿಕರು, ತಾವು ದೇವರ ಎದುರು ಕೈಮುಗಿದು ನಿಂತ ಚಿತ್ರ ಬರೆಸಿಕೊಂಡು ಹೋಗುತ್ತಿದ್ದರು. ಇಪ್ಪತ್ತನೇ ಶತಮಾನ ಬಂದಮೇಲೆ ಮೈಯನ್ನು ಬಣ್ಣದಲ್ಲಿ ಬರೆದು, ಮುಖಕ್ಕೆ ಫೋಟೋ ಕತ್ತರಿಸಿ ಅಂಟಿಸುವ ಪದ್ಧತಿ ಬಂತು. ನಮ್ಮ ಕಡೆಯ ಮದುವೆ ಆಲ್ಬಮ್ಮುಗಳಲ್ಲಿ ಮದುಮಗನ ಅಂಗೈ ಮೇಲೆ ಮದುಮಗಳು ನಿಂತದ್ದು, ಹೃದಯದಾಕಾರದೊಳಗೆ ಇಬ್ಬರ ಮುಖ ತೇಲಿದ್ದು ನೀವೂ ನೋಡಿದ್ದೀರಿ. ನಿಮ್ಮದೇ ಮದುವೆಯದೂ ಇರಬಹುದು.

ಡಿ.ಟಿ.ಪಿ. ಸೆಂಟರಿನಲ್ಲಿ ನಾನು ಮಾಡುತ್ತಿದ್ದುದೂ ಇದೇ. ಅಮೆರಿಕದ ನಾಲ್ ಸಹೋದರರು ಬರೆದ ಫೋಟೋಶಾಪ್ ಮಾರಾಟಕ್ಕೆ ಬಂದದ್ದು 1990ರಲ್ಲಿ. ಅದರಲ್ಲಿ 'ಲೇಯರ್' ಎಂಬುದು ಸೇರಿದ್ದು 1994ರಲ್ಲಿ. ಒಂದರ ಮೇಲೊಂದು ಗಾಜಿನ ಹಾಳೆ ಇಟ್ಟಂತೆ. ಮೇಲಿನದನ್ನು ಸರಿಸಿದರೆ ಕೆಳಗಿನದು ಹಾಗೇ ಇರುತ್ತದೆ. ಅದಕ್ಕೆ ಮೊದಲು ಒಂದು ಸಲ ಅಂಟಿಸಿದ್ದು ಅಂಟಿದ್ದೇ, ಕಾಗದದ ಹಾಗೆಯೇ. ನಮ್ಮ ಸೆಂಟರಿಗೆ ಅದು ಬಂದಾಗ ನನಗೆ ಹೊಸ ಹೊಲಿಗೆ ಯಂತ್ರ ಬಂದಷ್ಟು ಸಂಭ್ರಮ. ಶ್ರದ್ಧಾಂಜಲಿಗೆಂದು ಜನ ತರುತ್ತಿದ್ದುದು ಯಾವುದೋ ಮದುವೆಯ ಗ್ರೂಪ್ ಫೋಟೋ. ಅದರಿಂದ ತೀರಿಕೊಂಡವರನ್ನು ಮಾತ್ರ ಬಿಡಿಸಿ ತೆಗೆಯಬೇಕು. ಎಷ್ಟು ನಾಜೂಕಾಗಿ ಕತ್ತರಿಸಿದರೂ ಪಕ್ಕದವರ ಭುಜವೋ ಸೆರಗೋ ಚೂರು ಉಳಿದುಬಿಡುತ್ತಿತ್ತು.

1997ರಲ್ಲಿ ಒಬ್ಬ ಹೆಂಗಸು ಬಂದರು. ಅಪ್ಪ ಅಮ್ಮ ಜೊತೆಯಾಗಿರುವ ಫೋಟೋ ಒಂದೂ ಇಲ್ಲ, ಮಾಡಿಕೊಡಮ್ಮ ಅಂದರು. ತಂದೆಯದು 30ರ ಪ್ರಾಯದಲ್ಲಿ ತೆಗೆಸಿದ ಗುರುತಿನ ಚೀಟಿಯ ಚಿತ್ರ. ಆಮೇಲೆ ಸ್ವಲ್ಪ ದಿನಕ್ಕೇ ಅವರು ಹೋಗಿಬಿಟ್ಟಿದ್ದರು. ತಾಯಿಯದು 60 ದಾಟಿದ ಮೇಲಿನದು. ಜೋಡಿಸಿದರೆ ಗಂಡ ಹೆಂಡತಿಯಲ್ಲ, ತಾಯಿ ಮಗನ ಹಾಗೆ ಕಾಣುತ್ತಿತ್ತು. ಹೇಳಲೋ ಬೇಡವೋ ಎಂದು ನಾನು ಒದ್ದಾಡುತ್ತಿದ್ದರೆ, ಅವರು ಬಹಳ ಹೊತ್ತು ನೋಡಿ, "ಸರಿಯಾಗೇ ಇದೆ ಬಿಡಿ, ಅಮ್ಮ ಒಬ್ಬಳೇ ತಾನೇ ಮುದುಕಿಯಾದದ್ದು" ಅಂದು ದುಡ್ಡು ಕೊಟ್ಟು ಹೋದರು.

ದೆಹಲಿಯ ಕಲಾವಿದ ವಿವಾನ್ ಸುಂದರಂ 2001-02ರಲ್ಲಿ ಕಂಪ್ಯೂಟರಿನಲ್ಲಿ ಮಾಡಿದ ಚಿತ್ರಗಳನ್ನು ಆಮೇಲೆ ಒಂದು ಪುಸ್ತಕದಲ್ಲಿ ಕಂಡಾಗ ಆ ಹೆಂಗಸು ನೆನಪಾದರು. ಚಿತ್ರಕಾರ್ತಿ ಅಮೃತಾ ಶೇರ್‌ಗಿಲ್ ಅವರಿಗೆ ದೊಡ್ಡಮ್ಮ. 1941ರಲ್ಲಿ, 28ರ ವಯಸ್ಸಿಗೇ ತೀರಿಹೋದವರು. ತಾತ ಉಮ್ರಾವ್ ಸಿಂಗ್ ತೆಗೆದಿಟ್ಟಿದ್ದ ಮನೆಯ ಫೋಟೋಗಳನ್ನು ಈ ಮೊಮ್ಮಗ ಲೇಯರ್ ಲೇಯರ್ ಆಗಿ ಜೋಡಿಸಿ, ಬೇರೆ ಬೇರೆ ಕಾಲದ ತಾತ, ಅಜ್ಜಿ, ಅಮೃತಾ, ತಾಯಿ ಇಂದಿರಾ ಎಲ್ಲರನ್ನೂ ಒಂದೇ ಕೋಣೆಗೆ ಕರೆತಂದರು. ನಮ್ಮೂರಿನ ಆ ಹೆಂಗಸಿಗೆ ಬೇಕಾಗಿದ್ದೂ ಇಷ್ಟೇ ಅಲ್ಲವೇ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಹುಟ್ಟುಹಬ್ಬಕ್ಕೆ ಆರು ದಿನ ಉಳಿದಿತ್ತು. ಫೋಟೋವನ್ನು ಸಣ್ಣತ್ತೆಯ ಕಡೆಗೆ ಎಳೆದರೆ ಇನ್ನೊಂದು ತುದಿಯ ದೊಡ್ಡಮ್ಮ ಹೊರಗೆ ಹೋಗುತ್ತಾಳೆ. ಉದ್ದನೆಯ ಮನೆ ಕೊಡೋಣವೆಂದರೆ ಪುಕ್ಕಟೆಯ ವಿನ್ಯಾಸಗಳಲ್ಲಿ ಅದಿಲ್ಲ. ಕೊನೆಗೆ, ಗ್ರೂಪ್ ಫೋಟೋ ಹಾಗೇ ಇರಲಿ, ಅತ್ತೆಗೆ ಅವಳದೇ ಒಂದು ಚೌಕ ಕೊಡೋಣ ಎಂದು ನಿರ್ಧರಿಸಿದೆ. ಮೊಬೈಲಿನ ಚಿತ್ರವನ್ನು ಹಿಗ್ಗಿಸಿದೆ. ಮುಖ ಹೋಗಿ ಮಂಜಾಯಿತು.

ಅಣ್ಣನ ಮಗಳು, "ಕೊಡಿ ಅತ್ತೆ, ಕೃತಕ ಬುದ್ಧಿಮತ್ತೆ ಇದೆ, ಒಂದು ನಿಮಿಷ" ಅಂದಳು. ನಿಜವಾಗಿ ಒಂದೇ ನಿಮಿಷ. ನುಣುಪಾದ ಕೆನ್ನೆ, ತಿದ್ದಿದ ಹುಬ್ಬು, ಹೊಳೆಯುವ ಕಣ್ಣು. ಅಮ್ಮನಿಗೆ ತೋರಿಸಿದೆವು. ಅಮ್ಮ ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು, "ಚೆನ್ನಾಗಿದ್ದಾಳೆ. ಯಾರ ಮನೆ ಹುಡುಗಿ?" ಅಂದಳು. ಆ ಸಾಫ್ಟ್‌ವೇರ್ ಇಲ್ಲದ್ದನ್ನು ಎಲ್ಲಿಂದ ತರಬೇಕು? ತಾನು ಕಂಡ ಅಸಂಖ್ಯಾತ ಮುಖಗಳ ಅಂದಾಜಿನ ಮೇಲೆ ತುಂಬುತ್ತದೆ. ಅದರಲ್ಲಿ ನಮ್ಮ ಅತ್ತೆ ಎಲ್ಲಿದ್ದಳು?

ಆಗ ನನ್ನ ತುಕ್ಕು ಹಿಡಿದ ತಲೆಯಲ್ಲಿ ಹಳೆಯದೊಂದು ಪಾಠ ಮಿಸುಕಿತು. ದೊಡ್ಡದು ಮಾಡಬೇಕಾದರೆ ಸ್ಕ್ಯಾನ್ ಮಾಡುವಾಗಲೇ ಚುಕ್ಕಿ ಹೆಚ್ಚು ಹಿಡಿಯಬೇಕು. 1967ರ ಆ ಛಾಯಾಗ್ರಾಹಕರದು ಕರಿಬಟ್ಟೆ ಹೊದ್ದು ತೆಗೆಯುವ ದೊಡ್ಡ ಕ್ಯಾಮೆರಾ, ನೆಗೆಟಿವ್ವೂ ದೊಡ್ಡದು, ಕಾಗದದ ಮೇಲೆ ವಿವರ ಇದ್ದೇ ಇರುತ್ತದೆ. ಮೊಬೈಲು ಹಿಡಿಯಲಿಲ್ಲ ಅಷ್ಟೆ. ಟ್ರಂಕಿನಿಂದ ಮೂಲ ಫೋಟೋ ತೆಗೆದುಕೊಂಡು ಪರಿಚಯದ ಪ್ರೆಸ್ಸಿಗೆ ಹೋಗಿ, ಅಂಗುಲಕ್ಕೆ 1200 ಚುಕ್ಕಿಯಂತೆ ಸ್ಕ್ಯಾನ್ ಮಾಡಿಸಿದೆ. ಒಂದು ಸೆಂಟಿಮೀಟರಿನ ಮುಖ 470 ಚುಕ್ಕಿಯಾಯಿತು. ನಾಲ್ಕು ಸೆಂಟಿಮೀಟರಿಗೆ ಧಾರಾಳ, ಎಂಟಕ್ಕೆ ಎಳೆದರೆ ಸ್ವಲ್ಪ ಮಾಸಲು. ಮಾಸಲು ಇರಲಿ ಎಂದು ಎಂಟಕ್ಕೇ ಎಳೆದೆ.

ಖಾಲಿ ಹಣೆ. ಕಿವಿಯಲ್ಲಿ ಏನಿಲ್ಲ. ಉಳಿದವರೆಲ್ಲ ಕ್ಯಾಮೆರಾ ನೋಡುತ್ತಿದ್ದರೆ ಅವಳು ಕೆಳಗೆ ನೋಡುತ್ತಿದ್ದಾಳೆ. ನಾಚಿಕೆಯೋ ಸಂಕಟವೋ ಅಂದುಕೊಂಡೆ.

"ಅದೇನಲ್ಲ" ಅಂದಳು ಅಮ್ಮ. "ಫೋಟೋದವರು, ಅಮ್ಮಾ ಸ್ವಲ್ಪ ಒಳಗೆ ಬನ್ನಿ ಅಂದರು. ನಮ್ಮತ್ತೆ, ಅವಳು ಅಲ್ಲೇ ಇರಲಿ ಅಂದುಬಿಟ್ಟರು. ಹೆತ್ತತಾಯಿಯೇ. ನಾನೂ ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಆಗ ನೋಡು, ಇವನು ಅಲ್ಲಾಡೋಕೆ ಶುರುಮಾಡಿದ. ಯಾರು ಗದರಿದರೂ ನಿಲ್ಲಲಿಲ್ಲ. ಇವನು ಅಲ್ಲಾಡಿದರೆ ಪ್ಲೇಟು ಹಾಳು ಅಂತ ಅವರು ಕೂಗಾಡಿದರು. ಅವಳು ಹೀಗೆ ಭುಜದ ಮೇಲೆ ಕೈಯಿಟ್ಟಳು, ಸುಮ್ಮನಾದ. ಇವನನ್ನೇ ನೋಡ್ತಾ ಇದ್ದಾಳೆ."

ಎರಡನೇ ಸಲ ಪ್ರಿಂಟ್ ಹಾಕಿಸಿದೆ. ಸಾಫ್ಟ್‌ವೇರಿನ ಲೆಕ್ಕದಲ್ಲಿ ಮನೆ 24 ಮಾತ್ರ, ಯಾರಾದರೂ ಜಾಗ ಬಿಡಬೇಕು. ನನ್ನ ಕಾಲೇಜಿನ ಫೋಟೋ ತೆಗೆದೆ. ಅದರಲ್ಲಿ ಹೇಗೂ ನನ್ನ ಕಣ್ಣು ಮುಚ್ಚಿತ್ತು.

ಹುಟ್ಟುಹಬ್ಬದ ದಿನ ನೆಂಟರೆಲ್ಲ ಊಟಕ್ಕೆ ಮೊದಲು ಆ ಚೌಕಟ್ಟಿನ ಮುಂದೆ ಗುಂಪಾಗಿ ನಿಂತು ತಮ್ಮ ತಮ್ಮ ಮುಖ ಹುಡುಕಿದರು. ಅಣ್ಣನೂ ಮೂರನೇ ಸಾಲಿನ ತುದಿಯ ಚೌಕಕ್ಕೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ಅಲ್ಲಿ ಸಣ್ಣತ್ತೆ ತಲೆ ತಗ್ಗಿಸಿ ನಿಂತಿದ್ದಾಳೆ, ಅವಳ ಕೈಯ ಕೆಳಗೆ ಯಾರದೋ ಒಂದು ಭುಜ, ಒಂದು ಕಿವಿ, ಎಣ್ಣೆ ಹಚ್ಚಿ ಬಾಚಿದ ಅರ್ಧ ತಲೆ.

"ಏನೇ, ನನ್ನನ್ನ ಅರ್ಧಕ್ಕೇ ಕತ್ತರಿಸಿಬಿಟ್ಟಿದ್ದೀಯಲ್ಲೇ" ಅಂದ. ಅಂದವನು ಅಲ್ಲಿಂದ ಕದಲಲಿಲ್ಲ. ಎಲೆ ಹಾಕಿದ್ದಾರೆ ಬಾರೋ ಎಂದು ಅಮ್ಮ ಎರಡು ಸಲ ಕರೆಯಬೇಕಾಯಿತು.